ದೊಡ್ಡಪ್ಪನ ಡಬ್ಬಿ ತುಂಬಾ ಸ್ಟ್ಯಾಂಪ್ ಸಿಕ್ಕಿದೆ, ಕಲೆಕ್ಷನ್ ಶುರು ಮಾಡೋದು ಹೇಗೆ?

ಮಳೆಬಿಲ್ಲು

ಎಲ್ರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ ಹಡಗಿನ ಕೆಲಸದಲ್ಲಿದ್ರು, ಬೇರೆ ಬೇರೆ ಬಂದರುಗಳಲ್ಲಿ ಪರಿಚಯ ಆದವರು ಬರೆದ ಕಾಗದಗಳನ್ನೆಲ್ಲ ಒಂದು ತಗಡಿನ ಡಬ್ಬೀಲಿ ತುಂಬಿಟ್ಟಿದ್ರು, ಈಗ ಅದನ್ನ ನನ್ನ ಮಗಳಿಗೆ ಅಂತ ಕೊಟ್ಟಿದಾರೆ. ಅವಳಿಗೆ ಹತ್ತು ವರ್ಷ, ಡಬ್ಬಿ ತೆಗೆದಾಗಿಂದ ಅದರ ಮುಂದೆನೇ ಕೂತಿರ್ತಾಳೆ. ಅವಳ ಜೊತೆ ಕೂತು ನೋಡ್ತಾ ನೋಡ್ತಾ ನನಗೂ ಆಸಕ್ತಿ ಬಂದ್ಬಿಟ್ಟಿದೆ.

ಒಳಗೆ ಏನಿದೆ ಅಂದ್ರೆ, ಸ್ವಲ್ಪ ಪೂರ್ತಿ ಲಕೋಟೆಗಳು, ಸ್ವಲ್ಪ ಲಕೋಟೆಯಿಂದ ಮೂಲೆ ಮಾತ್ರ ಕತ್ತರಿಸಿಟ್ಟ ತುಂಡುಗಳು, ಸ್ವಲ್ಪ ಬಿಡಿ ಸ್ಟ್ಯಾಂಪು, ಮತ್ತೆ ಒಂದು ಹಳೇ ಆಲ್ಬಮ್, ಅದರಲ್ಲಿ ಪ್ರತಿ ಸ್ಟ್ಯಾಂಪ್ ಹಿಂದೆ ಚಿಕ್ಕ ಮಡಚಿದ ಕಾಗದದ ತುಂಡು ಅಂಟಿಸಿ ಪುಟಕ್ಕೆ ಹಚ್ಚಿದಾರೆ. ಅರ್ಧಕ್ಕರ್ಧ ಯಾವ ದೇಶದ್ದು ಅಂತಾನೇ ಓದೋಕಾಗ್ತಿಲ್ಲ.

ನನ್ನ ಪ್ರಶ್ನೆಗಳು ಇಷ್ಟು. ಮೊದಲು ಏನು ಮಾಡ್ಬೇಕು, ಲಕೋಟೆಯಿಂದ ಎಲ್ಲಾ ಬಿಡಿಸ್ಬೇಕಾ? ಏನೇನು ಸಾಮಾನು ತಗೋಬೇಕು? ಇದರಲ್ಲಿ ಬೆಲೆ ಬಾಳೋದು ಇದೆಯಾ ಅಂತ ಗೊತ್ತಾಗೋದು ಹೇಗೆ? ಮಾರೋ ಯೋಚನೆ ಇಲ್ಲ, ಆದ್ರೆ ಗೊತ್ತಿಲ್ದೆ ಹಾಳು ಮಾಡೋದು ಬೇಡ ಅಂತ ಕೇಳ್ತಿದೀನಿ. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ ಪ್ಲೀಸ್.

ಹಳೇಮೊಹರು

ಮೇಡಂ, ಮೊದಲು ಒಳ್ಳೇ ಸುದ್ದಿ ಹೇಳ್ತೀನಿ, ಮಗಳಿಗೆ ಸಿಕ್ಕಿರೋದು ತುಂಬಾ ಒಳ್ಳೇ ಆರಂಭ. ಅಂಗಡೀಲಿ ಪ್ಯಾಕೆಟ್ ತಗೊಂಡು ಶುರು ಮಾಡೋರೇ ಜಾಸ್ತಿ, ನಿಮಗೆ ನಿಜವಾಗ್ಲೂ ಪ್ರಯಾಣ ಮಾಡಿ ಬಂದ ಕಾಗದಗಳು ಸಿಕ್ಕಿವೆ. ಅದಕ್ಕೇ ಮೊದಲನೇ ಮಾತು: ಪೂರ್ತಿ ಲಕೋಟೆಗಳಿಗೆ ಕತ್ತರಿ ಹಾಕ್ಬೇಡಿ. ಸ್ಟ್ಯಾಂಪ್ ಒಂದೇ ಅಲ್ಲ, ಅದರ ಮೇಲಿನ ಅಂಚೆ ಮೊಹರು, ತಾರೀಖು, ಎಲ್ಲಿಂದ ಎಲ್ಲಿಗೆ ಹೋಯ್ತು, ಎಷ್ಟು ದರ ಕಟ್ಟಿದ್ರು, ಮಧ್ಯೆ ಯಾವ ಊರಿನ ಸೀಲ್ ಬಿತ್ತು, ಇದೆಲ್ಲಾ ಸೇರಿದ್ರೇ ಒಂದು ಕವರ್‌ಗೆ ಅರ್ಥ. ಅಂಚೆ ಇತಿಹಾಸ ಅಂತಾನೇ ಕಲೆಕ್ಷನ್ನಿನ ಒಂದು ದೊಡ್ಡ ವಿಭಾಗ ಇದೆ, ಅವರಿಗೆ ಬಿಡಿ ಸ್ಟ್ಯಾಂಪ್‌ಗಿಂತ ಪೂರ್ತಿ ಕವರ್ ಮುಖ್ಯ. ಒಂದ್ಸಲ ಕತ್ತರಿಸಿದ್ರೆ ವಾಪಸ್ ಜೋಡಿಸೋಕಾಗಲ್ಲ, ಹಾಗಾಗಿ ಅನುಮಾನ ಇದ್ರೆ ಹಾಗೇ ಬಿಡಿ.

ಈಗಾಗ್ಲೇ ಕತ್ತರಿಸಿಟ್ಟಿರೋ ಮೂಲೆಗಳಿವೆಯಲ್ಲ, ಅವನ್ನ ನೀರಲ್ಲಿ ನೆನೆಸಿ ಬಿಡಿಸ್ಬಹುದು. ಸ್ಟ್ಯಾಂಪ್ ಸುತ್ತ ಸುಮಾರು ಒಂದು ಸೆಂಟಿಮೀಟರ್ ಕಾಗದ ಉಳಿಯೋ ಹಾಗೆ ಟ್ರಿಮ್ ಮಾಡಿ, ಸ್ಟ್ಯಾಂಪ್ ಅಂಚಿನ ತೂತಿನ ಸಾಲಿಂದ ಆಗಿರೋ ಹಲ್ಲಿಗೆ ಕತ್ತರಿ ತಾಗಬಾರದು. ಅಗಲವಾದ ಪಾತ್ರೆಗೆ ಉಗುರುಬೆಚ್ಚಗಿನ ನೀರು ಹಾಕಿ ಒಂದ್ಸಲಕ್ಕೆ ಕೆಲವನ್ನೇ ಬಿಡಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಗೋಂದು ಕರಗಿ ಸ್ಟ್ಯಾಂಪ್ ತಾನಾಗೇ ಕಾಗದದಿಂದ ಜಾರುತ್ತೆ, ಜಾರ್ಲಿಲ್ಲ ಅಂದ್ರೆ ಇನ್ನೂ ಸ್ವಲ್ಪ ಹೊತ್ತು ಕಾಯ್ಬೇಕು, ಕೀಳೋಕೆ ಹೋದ್ರೆ ಹಿಂಭಾಗದ ಪದರ ತೆಳ್ಳಗಾಗುತ್ತೆ, ಅದಕ್ಕೆ ಥಿನ್ ಅಂತಾರೆ, ಮುಂದಿನಿಂದ ನೋಡಿದ್ರೆ ಗೊತ್ತಾಗಲ್ಲ ಆದ್ರೆ ಬೆಳಕಿಗೆ ಹಿಡಿದ್ರೆ ಆ ಜಾಗ ಬೆಳ್ಳಗೆ ಕಾಣುತ್ತೆ. ಬಿಟ್ಕೊಂಡ ಮೇಲೆ ಬೇರೆ ಶುದ್ಧ ನೀರಲ್ಲಿ ಒಮ್ಮೆ ಅದ್ದಿ ಹಿಂದೆ ಉಳಿದ ಗೋಂದು ಹೋಗಿದೆಯಾ ನೋಡಿ, ಆಮೇಲೆ ಬ್ಲಾಟಿಂಗ್ ಪೇಪರ್ ಮೇಲೆ ಮುಖ ಕೆಳಗೆ ಮಾಡಿ ಒಣಗಿಸಿ. ಒಣಗಿದಾಗ ಸುರುಳಿ ಸುತ್ಕೊಳ್ಳುತ್ತೆ, ಗಾಬರಿ ಆಗ್ಬೇಡಿ, ಪೂರ್ತಿ ಒಣಗಿದ ಮೇಲೆ ದಪ್ಪ ಪುಸ್ತಕದ ಮಧ್ಯೆ ಒಂದು ರಾತ್ರಿ ಇಟ್ರೆ ಸರಿಹೋಗುತ್ತೆ.

ಕೆಂಪು, ಹಸಿರು, ಬ್ರೌನ್ ಲಕೋಟೆ ತುಂಡುಗಳನ್ನ ಉಳಿದವುಗಳ ಜೊತೆ ಹಾಕ್ಲೇಬೇಡಿ, ಕಾಗದದ ಬಣ್ಣ ಬಿಟ್ಟು ಎಲ್ಲಾ ಸ್ಟ್ಯಾಂಪಿಗೂ ಹತ್ಕೊಳ್ಳುತ್ತೆ. ಅವಕ್ಕೆ ಬೇರೆ ಪಾತ್ರೆ, ತಣ್ಣೀರು, ಒಂದೊಂದೇ. ಇನ್ನು ಹಿಂದೆ ಗೋಂದು ಹಾಗೇ ಇರೋ, ಮೊಹರು ಬೀಳದ ಸ್ಟ್ಯಾಂಪ್, ಅಂದ್ರೆ ಮಿಂಟ್, ಅದನ್ನ ಯಾವ ಕಾರಣಕ್ಕೂ ನೀರಿಗೆ ಹಾಕ್ಬಾರ್ದು.

ಆ ಹಳೇ ಆಲ್ಬಮ್‌ನಲ್ಲಿ ಇರೋ ಮಡಚಿದ ಕಾಗದಕ್ಕೆ ಹಿಂಜ್ ಅಂತಾರೆ, ಮೊದಲೆಲ್ಲಾ ಎಲ್ರೂ ಹಾಗೇ ಅಂಟಿಸ್ತಿದ್ರು. ಅದನ್ನೂ ಎಳೆದು ಕೀಳ್ಬೇಡಿ. ಸದ್ಯಕ್ಕೆ ಆಲ್ಬಮ್ ಇದ್ದ ಹಾಗೇ ಇರ್ಲಿ, ದೊಡ್ಡಪ್ಪ ಯಾವ ಕ್ರಮದಲ್ಲಿ ಜೋಡಿಸಿದಾರೆ ಅನ್ನೋದೂ ಒಂದು ಮಾಹಿತಿನೇ.

ಸಾಮಾನು ತುಂಬಾ ಬೇಡ. ತುದಿ ಚಪ್ಪಟೆ ಇರೋ ಸ್ಟ್ಯಾಂಪ್ ಚಿಮಟ, ಮೇಕಪ್‌ಗೆ ಬಳಸೋ ಚೂಪು ತುದಿದಲ್ಲ, ಅದು ಕಾಗದಾನ ಚುಚ್ಚುತ್ತೆ. ಒಂದು ಸ್ಟಾಕ್ ಬುಕ್, ಅಂದ್ರೆ ಸ್ಟ್ಯಾಂಪನ್ನ ಅಂಟಿಸದೆ ಸಿಕ್ಕಿಸಿಡೋ ಪಟ್ಟಿಗಳಿರೋ ಪುಸ್ತಕ, ಮತ್ತೆ ಒಂದು ಭೂತಗನ್ನಡಿ. ಹಲ್ಲು ಅಳೆಯೋ ಪರ್ಫರೇಷನ್ ಗೇಜ್ ಆಮೇಲೆ ತಗೊಂಡ್ರೂ ಆಯ್ತು. ಕೈಬೆರಳಿನ ಎಣ್ಣೆ ಬೆವರು ಗೋಂದಿಗೂ ಕಾಗದಕ್ಕೂ ಹತ್ತಿ ವರ್ಷಗಳ ಮೇಲೆ ಕಲೆ ಆಗುತ್ತೆ, ಅದಕ್ಕೇ ಮಗಳಿಗೆ ಚಿಮಟ ಹಿಡಿಯೋದನ್ನ ಮೊದಲ ದಿನವೇ ಅಭ್ಯಾಸ ಮಾಡಿಸಿ, ಬೇಗ ಕಲೀತಾರೆ ಮಕ್ಕಳು. ಫೋಟೋ ಆಲ್ಬಮ್, ಪಿವಿಸಿ ಪ್ಲಾಸ್ಟಿಕ್ ಕವರ್, ಸೆಲ್ಲೋ ಟೇಪ್, ಲ್ಯಾಮಿನೇಷನ್ ಇದ್ಯಾವುದೂ ಸ್ಟ್ಯಾಂಪ್ ಹತ್ತಿರ ಬರ್ಬಾರ್ದು. ಆಲ್ಬಮ್, ಸ್ಟಾಕ್ ಬುಕ್ ಎರಡನ್ನೂ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಿದ್ರೆ ತೇವ ಇರೋ ದಿನಗಳಲ್ಲಿ ಗೋಂದು ಪುಟಕ್ಕೆ ಅಂಟ್ಕೊಳ್ಳುತ್ತೆ.

ಮೂಲೆಮನೆ

ಹಳೇಮೊಹರು ಸಾರ್ ಹೇಳಿದ್ದೆಲ್ಲಾ ಸರಿ, ನಾನು ಬೆಲೆ ವಿಷಯ ಮಾತ್ರ ಹೇಳ್ತೀನಿ ಯಾಕಂದ್ರೆ ಹೊಸಬರು ಅಲ್ಲೇ ದಾರಿ ತಪ್ಪೋದು.

ಹಳೇದು ಅಂದ ಮಾತ್ರಕ್ಕೆ ಅಪರೂಪ ಅಲ್ಲ. ಪ್ರಪಂಚದ ಮೊದಲನೇ ಅಂಟಿಸೋ ಅಂಚೆಚೀಟಿ ಪೆನ್ನಿ ಬ್ಲ್ಯಾಕ್, 1840ರ ಮೇ ತಿಂಗಳಲ್ಲಿ ಬ್ರಿಟನ್‌ನಲ್ಲಿ ಬಂತು, ಅದಕ್ಕಿಂತ ಹಳೇದು ಇಲ್ವೇ ಇಲ್ಲ. ಆದ್ರೆ ಅದನ್ನ ಅಚ್ಚು ಹಾಕಿದ್ದು 6 ಕೋಟಿ 80 ಲಕ್ಷಕ್ಕೂ ಹೆಚ್ಚು, ಎಷ್ಟೋ ಉಳಿದಿವೆ, ಇವತ್ತೂ ಮಾರಾಟಕ್ಕೆ ಸಿಗುತ್ತೆ. ಅದೇ ಬ್ರಿಟಿಷ್ ಗಯಾನಾದ 1856ರ ಒಂದು ಸೆಂಟ್ ಮೆಜೆಂಟಾ ಗೊತ್ತಿರೋದು ಒಂದೇ ಒಂದು. ಅದು ಸಿಕ್ಕ ಕಥೆ ನಿಮ್ಮದಕ್ಕೆ ಹತ್ತಿರ ಇದೆ ನೋಡಿ, 1873ರಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬನಿಗೆ ಮನೆಯ ಹಳೇ ಕಾಗದಗಳ ಮಧ್ಯೆ ಸಿಕ್ತು, ಅವನು ಕೆಲವು ಶಿಲ್ಲಿಂಗ್‌ಗೆ ಮಾರ್ಬಿಟ್ಟ, 2014ರಲ್ಲಿ ಅದು ಹರಾಜಲ್ಲಿ ಸುಮಾರು 95 ಲಕ್ಷ ಡಾಲರ್‌ಗೆ ಹೋಯ್ತು. ಅಂಥದ್ದು ನಿಮ್ಮ ಡಬ್ಬೀಲಿ ಇರುತ್ತೆ ಅಂತ ಹೇಳ್ತಿಲ್ಲ, ಎಷ್ಟು ಉಳಿದಿದೆ, ಯಾವ ಸ್ಥಿತೀಲಿದೆ, ಎಷ್ಟು ಜನಕ್ಕೆ ಬೇಕು, ಬೆಲೆ ನಿಲ್ಲೋದು ಈ ಮೂರರ ಮೇಲೆ ಅಂತ ಹೇಳೋಕೆ ಈ ಉದಾಹರಣೆ.

ಸ್ಟ್ಯಾನ್ಲಿ ಗಿಬ್ಬನ್ಸ್, ಸ್ಕಾಟ್, ಮಿಶೆಲ್, ಇವೆರ್ ಅಂತ ದೊಡ್ಡ ಕ್ಯಾಟಲಾಗ್‌ಗಳಿವೆ, ಲೈಬ್ರರೀಲಿ ಸಿಕ್ರೆ ನೋಡಿ. ಒಂದೊಂದ್ರಲ್ಲೂ ನಂಬರ್ ಬೇರೆ ಬೇರೆ, ಹಾಗಾಗಿ ನಂಬರ್ ಬರ್ಕೊಳ್ಳುವಾಗ ಯಾವ ಕ್ಯಾಟಲಾಗಿಂದು ಅಂತಾನೂ ಬರೀಬೇಕು. ಅದರಲ್ಲಿರೋ ಬೆಲೆ ಒಳ್ಳೇ ಸ್ಥಿತಿಯ ಚೀಟಿಗೆ, ಅದೂ ನೀವು ಕೊಳ್ಳೋಕೆ ಹೋದ್ರೆ. ಮಾರೋಕೆ ಹೋದ್ರೆ ಅಷ್ಟು ಬರಲ್ಲ. ಕ್ಯಾಟಲಾಗಿನ ಅತಿ ಕಡಿಮೆ ಬೆಲೆ ಇದ್ಯಲ್ಲ, ಅದು ವ್ಯಾಪಾರಿ ಆ ಚೀಟೀನ ಹುಡುಕಿ ಎತ್ತಿ ಕೊಡೋ ಶ್ರಮಕ್ಕೆ, ಚೀಟಿಗಲ್ಲ. ಮತ್ತೆ ಈಗಲೇ ಆನ್‌ಲೈನಲ್ಲಿ ಅಪರೂಪದ್ದು ಅಂತ ಏನೂ ಕೊಳ್ಳೋಕೆ ಹೋಗ್ಬೇಡಿ. ನಕಲಿ ಸ್ಟ್ಯಾಂಪ್ ಮಾಡೋದು ಸ್ಟ್ಯಾಂಪ್ ಕಲೆಕ್ಷನ್ನಿನಷ್ಟೇ ಹಳೇ ಕಸುಬು, ನೋಡಿ ನೋಡಿ ಕಣ್ಣು ಪಳಗೋವರೆಗೂ ದುಡ್ಡು ಹಾಕ್ಬಾರ್ದು ಅನ್ನೋದು ನನ್ನ ಖಡಕ್ ಅಭಿಪ್ರಾಯ.

ಕಾಗದದೋಣಿ

ದೇಶ ಗೊತ್ತಾಗ್ತಿಲ್ಲ ಅಂದ್ರಲ್ಲ ಅಕ್ಕ, ಇದು ನನಗೆ ತುಂಬಾ ಇಷ್ಟದ ಭಾಗ. ಹೆಸರನ್ನ ಆಯಾ ದೇಶದವರು ಅವರ ಭಾಷೇಲೇ ಬರ್ಕೊಂಡಿರ್ತಾರೆ ಅಷ್ಟೇ. ಹೆಲ್ವೇಷಿಯಾ ಅಂತಿದ್ರೆ ಸ್ವಿಟ್ಜರ್ಲೆಂಡ್, ಅಲ್ಲಿ ನಾಲ್ಕು ಭಾಷೆ ಇರೋದ್ರಿಂದ ಯಾವುದಕ್ಕೂ ಸೇರದ ಲ್ಯಾಟಿನ್ ಹೆಸರು ಇಟ್ಕೊಂಡಿದಾರೆ. ಮಜ್ಯಾರ್ ಪೋಸ್ಟಾ ಅಂದ್ರೆ ಹಂಗೇರಿ, ಸುಓಮಿ ಫಿನ್ಲೆಂಡ್, ಸ್ವೇರಿಯೆ ಸ್ವೀಡನ್, ನೋರ್ಗೆ ನಾರ್ವೆ, ಪೋಲ್ಸ್ಕಾ ಪೋಲೆಂಡ್, ಓಸ್ಟರ್‌ರೈಖ್ ಅಂದ್ರೆ ಆಸ್ಟ್ರಿಯಾ, ಆಸ್ಟ್ರೇಲಿಯಾ ಅಂತ ಅನ್ಕೋಬೇಡಿ. ಸಿಸಿಸಿಪಿ ಥರ ಕಾಣೋ ನಾಲ್ಕು ಅಕ್ಷರ ಇದ್ರೆ ಅದು ಇಂಗ್ಲಿಷ್ ಅಲ್ಲ, ರಷ್ಯನ್ ಲಿಪಿ, ಸೋವಿಯತ್ ಒಕ್ಕೂಟದ್ದು. ನಿಪ್ಪಾನ್ ಅಂತಿದ್ರೆ ಜಪಾನ್, 1966ರಿಂದ ಈಚೆಗೆ ಇಂಗ್ಲಿಷ್ ಅಕ್ಷರದಲ್ಲಿ ಹಾಗೆ ಹಾಕ್ತಿದಾರೆ, ಅದಕ್ಕಿಂತ ಹಳೇದರಲ್ಲಿ ಜಪಾನಿ ಲಿಪಿ ನೋಡಿ ಗುರುತಿಸ್ಬೇಕು, ಇನ್ನೂ ಹಳೇದಾದ್ರೆ ಹದಿನಾರು ಎಸಳಿನ ಸೇವಂತಿಗೆ ಹೂವಿನ ಲಾಂಛನ ಇರುತ್ತೆ.

ಒಂದು ಗೊಂದಲ ಎಲ್ರಿಗೂ ಆಗೋದು, ಕೊರ್ರೆಯೋಸ್, ಕೊರ್ರೆಯೋಸ್ ಅಂತ ಎಷ್ಟೊಂದು ಸ್ಟ್ಯಾಂಪಲ್ಲಿರುತ್ತೆ, ಅದು ದೇಶ ಅಲ್ಲ, ಸ್ಪ್ಯಾನಿಶ್‌ನಲ್ಲಿ ಅಂಚೆ ಅಂತ. ಪೋಸ್ತ್, ಪೋಚ್ಟಾ, ಪೋಸ್ಟೆ ಎಲ್ಲಾ ಅದೇ. ಅದನ್ನ ಬಿಟ್ಟು ಇನ್ನೊಂದು ಪದ ಎಲ್ಲಿದೆ ಹುಡುಕಿ. ಹೆಸರೇ ಇಲ್ಲ, ಬರೀ ರಾಜ ಅಥವಾ ರಾಣಿ ತಲೆ ಮತ್ತೆ ಬೆಲೆ ಇದೆ ಅಂದ್ರೆ ಬ್ರಿಟನ್. ಮೊದಲು ಸ್ಟ್ಯಾಂಪ್ ತಂದೋರು ಅವರೇ ಆಗಿದ್ರಿಂದ ಆಗ ಹೆಸರು ಹಾಕೋ ಅಗತ್ಯ ಇರ್ಲಿಲ್ಲ, ಅದೇ ಪದ್ಧತಿ ಇವತ್ತಿಗೂ ಉಳ್ಕೊಂಡಿದೆ.

ಇನ್ನು ಈಗ ಭೂಪಟದಲ್ಲಿ ಇಲ್ದೇ ಇರೋ ಹೆಸರು ಬಂದ್ರೆ ಖುಷಿ ಪಡಿ. ಸಿಲೋನ್ ಅಂತಿದ್ರೆ 1972ಕ್ಕೆ ಮುಂಚೆ, ಆಮೇಲೆ ಶ್ರೀಲಂಕಾ. ಗೋಲ್ಡ್ ಕೋಸ್ಟ್ 1957ರಲ್ಲಿ ಘಾನಾ ಆಯ್ತು. ಡಿಡಿಆರ್ ಅಂದ್ರೆ ಪೂರ್ವ ಜರ್ಮನಿ, 1990ರಲ್ಲಿ ಮುಗೀತು. ಹಡಗಿನವರ ಡಬ್ಬಿ ಅಂದ್ರೆ ಇಂಥ ಹೆಸರುಗಳು ಖಂಡಿತ ಇರುತ್ತೆ ಅಂತ ನನಗನ್ನಿಸ್ತಿದೆ. ಗೋಡೆಗೆ ಒಂದು ಭೂಪಟ ಹಾಕಿ ಪಕ್ಕದಲ್ಲಿ ಕೂರಿಸಿ ನೋಡಿ ಮಗಳನ್ನ, ಅವಳೇ ನಿಮಗೆ ಹೇಳ್ಕೊಡ್ತಾಳೆ.

ಮಳೆಬಿಲ್ಲು

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಬರೀತೀರ ಅಂತ ಅನ್ಕೊಂಡಿರ್ಲಿಲ್ಲ. ಕಾಗದದೋಣಿ ಹೇಳಿದ ಹಾಗೇ ಆಯ್ತು, ಹೆಲ್ವೇಷಿಯಾ ನಾಲ್ಕೈದು ಸಿಕ್ತು, ಸಿಲೋನ್ ಕೂಡ ಇದೆ, ಮಗಳು ಹೋಗಿ ಅಟ್ಲಾಸ್ ತಂದು ಕೂತಿದಾಳೆ.

ಈಗ ಒಂದು ಹೊಸ ಪ್ರಶ್ನೆ. ಹೆಸರಿಲ್ದೇ ಇರೋದು ಬ್ರಿಟನ್ ಅಂದ್ರಲ್ಲ, ಅಂಥದ್ದೇ ಒಂದು ರಾಶಿ ಇದೆ. ಎಲ್ಲಾ ಒಂದೇ ಚಿತ್ರ, ರಾಣಿ ಎಡಗಡೆ ತಿರುಗಿರೋ ಬಿಳಿ ಮುಖ, ಕಿರೀಟ, ಹಿಂದೆ ಒಂದೇ ಬಣ್ಣ. ಬಣ್ಣ ಮಾತ್ರ ಬೇರೆ ಬೇರೆ. ಇವೆಲ್ಲಾ ಡೂಪ್ಲಿಕೇಟ್ ಅಂತ ಬೇರೆ ಇಟ್ಟು ಪಕ್ಕದ ಮನೆ ಮಕ್ಕಳಿಗೆ ಕೊಡೋಣ ಅಂತಿದೀವಿ, ಕೊಡಬಹುದಾ?

ಹಳೇಮೊಹರು

ಮೇಡಂ ಈಗ್ಲೇ ಕೊಡ್ಬೇಡಿ, ಮೊದಲು ಇದನ್ನ ಪೂರ್ತಿ ಓದಿ. ಬೆಲೆ ಇದೆ ಅಂತಲ್ಲ, ಬಹುಪಾಲು ತೀರಾ ಸಾಮಾನ್ಯದವೇ. ಆದ್ರೆ ಸ್ಟ್ಯಾಂಪ್ ನೋಡೋದು ಹೇಗೆ ಅಂತ ಕಲಿಯೋಕೆ ಅದಕ್ಕಿಂತ ಒಳ್ಳೇ ರಾಶಿ ಇನ್ನೊಂದಿಲ್ಲ.

ಅದಕ್ಕೆ ಮೇಚಿನ್ ಅಂತ ಹೆಸರು. ಆರ್ನಾಲ್ಡ್ ಮೇಚಿನ್ ಅನ್ನೋ ಶಿಲ್ಪಿ ರಾಣಿಯ ತಲೆಯನ್ನ ಪ್ಲಾಸ್ಟರ್‌ನಲ್ಲಿ ಉಬ್ಬುಶಿಲ್ಪವಾಗಿ ಮಾಡಿದ್ರು, ಅದರ ಫೋಟೋದಿಂದ ಬಂದಿದ್ದು ಆ ಚಿತ್ರ, ಅದಕ್ಕೇ ಮುಖದ ಮೇಲೆ ನೆರಳು ಬೆಳಕು ಅಷ್ಟು ಚೆನ್ನಾಗಿ ಕೂತಿದೆ. 1967ರ ಜೂನ್‌ನಲ್ಲಿ ಶುರುವಾಗಿ ಐವತ್ತು ವರ್ಷಕ್ಕೂ ಮೇಲೆ ಅದೇ ಚಿತ್ರ ನಡೀತು. ಚಿತ್ರ ಬದಲಾಗ್ಲಿಲ್ಲ, ಉಳಿದಿದ್ದೆಲ್ಲಾ ಬದಲಾಯ್ತು, ಆಟ ಇರೋದು ಅಲ್ಲೇ.

ಒಂದನ್ನ ಚಿಮಟದಲ್ಲಿ ಎತ್ತಿ ಭೂತಗನ್ನಡಿ ಕೆಳಗೆ ಹಿಡೀರಿ. ಮೊದಲು ಬೆಲೆ ನೋಡಿ, ಅಂಕಿಯ ಪಕ್ಕ ಡಿ ಅಕ್ಷರ ಇದೆಯಾ ಪಿ ಇದೆಯಾ? ಡಿ ಇದ್ರೆ ಅದು ಹಳೇ ಪೆನ್ನಿ ಲೆಕ್ಕ, ಪೌಂಡಿಗೆ 240 ಪೆನ್ನಿ ಇದ್ದ ಕಾಲದ್ದು. 1971ರ ಫೆಬ್ರವರಿ 15ಕ್ಕೆ ಬ್ರಿಟನ್ ದಶಮಾಂಶ ನಾಣ್ಯಕ್ಕೆ ಬಂತು, ಪೌಂಡಿಗೆ 100 ಪೆನ್ನಿ ಆಯ್ತು, ಅಲ್ಲಿಂದ ಪಿ. ಅಂದ್ರೆ ಡಿ ಇರೋ ಮೇಚಿನ್ ಎಲ್ಲಾ 1967ರಿಂದ ಆ ಕೆಲವೇ ವರ್ಷಗಳಲ್ಲಿ ಬಂದವು. ಬೆಲೆನೇ ಇಲ್ದೆ ಫಸ್ಟ್, ಸೆಕೆಂಡ್ ಅಂತಷ್ಟೇ ಇದ್ರೆ 1989ರ ನಂತರದ್ದು.

ಆಮೇಲೆ ಕಿಟಕಿ ಹತ್ತಿರ ಹೋಗಿ ಸ್ಟ್ಯಾಂಪನ್ನ ಸ್ವಲ್ಪ ಓರೆ ಮಾಡಿ ಬೆಳಕು ಜಾರೋ ಹಾಗೆ ಹಿಡೀರಿ. ಮೇಲಿಂದ ಕೆಳಕ್ಕೆ ಒಂದು ಪಟ್ಟಿ, ಅಥವಾ ಎರಡು ಅಂಚಲ್ಲಿ ಎರಡು ಪಟ್ಟಿ, ಮಂಕಾಗಿ ಕಾಣ್ಬಹುದು. ಅದು ಫಾಸ್ಫರ್, ಕಾಗದ ವಿಂಗಡಿಸೋ ಮೆಷಿನ್‌ಗೆ ಓದೋಕೆ ಅಂತ ಹಾಕಿದ್ದು. ಸಾಮಾನ್ಯವಾಗಿ ನಿಧಾನದ ಸೆಕೆಂಡ್ ಕ್ಲಾಸ್ ದರಕ್ಕೆ ಒಂದು ಪಟ್ಟಿ, ಬೇಗ ಹೋಗೋ ಫಸ್ಟ್ ಕ್ಲಾಸ್‌ಗೆ ಎರಡು. ಅದೇ ಬೆಲೆ ಅದೇ ಬಣ್ಣ ಇದ್ರೂ ಒಂದು ಪಟ್ಟೀದು ಬೇರೆ, ಎರಡು ಪಟ್ಟೀದು ಬೇರೆ, ಕ್ಯಾಟಲಾಗಲ್ಲಿ ಬೇರೆ ಬೇರೆ ನಂಬರ್.

ಕೊನೇಗೆ ಹಲ್ಲು. ಉದ್ದದ ಎರಡು ಬದೀಲೂ ಕೆಳಭಾಗದ ಹತ್ತಿರ ನೋಡಿ, ಎಲ್ಲಾ ತೂತು ಗುಂಡಗಿರುವಾಗ ಒಂದು ಮಾತ್ರ ಉದ್ದಕ್ಕೆ ಮೊಟ್ಟೆ ಆಕಾರದಲ್ಲಿದೆಯಾ? ಇದ್ರೆ 1993ರಿಂದ ಈಚಿನದು, ನಕಲಿ ಮಾಡೋರಿಗೆ ಕಷ್ಟ ಆಗ್ಲಿ ಅಂತ ತಂದಿದ್ದು. ಹಲ್ಲು ಅಳೆಯೋದು 2 ಸೆಂಟಿಮೀಟರ್ ಉದ್ದದಲ್ಲಿ ಎಷ್ಟಿದೆ ಅಂತ. ಮೇಚಿನ್‌ನಲ್ಲಿ ಸಾಮಾನ್ಯವಾಗಿ 15 ಮತ್ತು 14, ಮೊದಲನೇ ಅಂಕಿ ಅಡ್ಡಕ್ಕೆ, ಎರಡನೇದು ಉದ್ದಕ್ಕೆ.

ಇಷ್ಟನ್ನ ಇಟ್ಕೊಂಡು ಆ ರಾಶೀನ ವಿಂಗಡಿಸೋಕೆ ಮಗಳಿಗೆ ಕೊಡಿ. ಒಂದೇ ಥರ ಅಂದ್ಕೊಂಡಿದ್ದು ಎಷ್ಟು ಗುಂಪಾಗುತ್ತೆ ನೋಡಿ. ಈ ಕಣ್ಣು ಬಂದ ಮೇಲೆ ಯಾವ ದೇಶದ ಯಾವ ಸ್ಟ್ಯಾಂಪ್ ಸಿಕ್ರೂ ಕಾಗದ, ಬಣ್ಣ, ಹಲ್ಲು, ನೀರ್ಗುರುತು (ಕಾಗದದೊಳಗೇ ಇರೋ ಮಸುಕು ಗುರುತು, ವಾಟರ್‌ಮಾರ್ಕ್) ತಾನಾಗೇ ನೋಡೋ ಅಭ್ಯಾಸ ಬರುತ್ತೆ. ಏನೂ ದುಡ್ಡು ಖರ್ಚು ಮಾಡ್ದೆ ಬರೋ ವಿದ್ಯೆ ಇದು. ವಿಂಗಡಿಸಿ ನಿಜವಾದ ಡೂಪ್ಲಿಕೇಟ್ ಯಾವುದು ಅಂತ ಗೊತ್ತಾದ ಮೇಲೆ ಪಕ್ಕದ ಮನೆ ಮಕ್ಕಳಿಗೆ ಧಾರಾಳವಾಗಿ ಕೊಡಿ, ಬದಲಿಗೆ ಅವರ ಹತ್ರ ಇರೋದು ತಗೊಳ್ಳಿ, ಕಲೆಕ್ಷನ್ ಬೆಳೆಯೋದೇ ಎಕ್ಸ್‌ಚೇಂಜ್‌ನಿಂದ.

ಹಕ್ಕಿಪುಕ್ಕ

ಸಾರ್ ಹೇಳಿದ್ದಕ್ಕೆ ನನ್ನದೊಂದು ಸಣ್ಣ ಭಿನ್ನಾಭಿಪ್ರಾಯ. ದೊಡ್ಡವರಿಗೆ ಹಲ್ಲು ಎಣಿಸೋದು ಫಾಸ್ಫರ್ ನೋಡೋದು ಇಷ್ಟ ಆಗ್ಬಹುದು, ಹತ್ತು ವರ್ಷದ ಮಗು ಬೇಜಾರಾಗಿ ಬಿಟ್ಟು ಹೋದ್ರೆ? ನನ್ನ ಪ್ರಕಾರ ಮಕ್ಕಳಿಗೆ ಒಂದು ವಿಷಯ ಆರಿಸ್ಕೊಳ್ಳೋಕೆ ಬಿಡ್ಬೇಕು. ಹಡಗು, ಹಕ್ಕಿ, ರೈಲು, ಚಿಟ್ಟೆ, ಬಾಹ್ಯಾಕಾಶ, ಏನಾದ್ರೂ. ನಂದು ಹಕ್ಕಿ. ಹಕ್ಕಿ ಅಂತ ಶುರು ಮಾಡಿ ಈಗ ನೀರುಹಕ್ಕಿಗೆ ಮಾತ್ರ ಇಳಿಸ್ಕೊಂಡಿದೀನಿ, ಯಾಕಂದ್ರೆ ವಿಷಯ ದೊಡ್ಡದಾದಷ್ಟೂ ಎಲ್ಲಾ ಅರ್ಧಂಬರ್ಧ ಉಳಿಯುತ್ತೆ, ಚಿಕ್ಕದಾದಷ್ಟೂ ಆಳಕ್ಕೆ ಹೋಗ್ಬಹುದು. ಪ್ರಪಂಚದ ಸ್ಟ್ಯಾಂಪ್ ಎಲ್ಲಾ ಸೇರಿಸ್ತೀನಿ ಅಂತ ಹೊರಟ್ರೆ ಯಾರಿಗೂ ಮುಗಿಯಲ್ಲ.

ಪುಟದಲ್ಲಿ ಸ್ಟ್ಯಾಂಪ್ ಪಕ್ಕ ಎರಡು ಸಾಲು ಅವಳ ಕೈಲೇ ಬರೆಸಿ, ಇದು ಯಾವ ಹಡಗು, ಯಾವ ದೇಶ, ಯಾವ ವರ್ಷ, ಯಾಕೆ ಹಾಕಿದಾರೆ ಅಂತ. ಪ್ರದರ್ಶನಗಳಲ್ಲೂ ಥೀಮ್ ಕಲೆಕ್ಷನ್‌ಗೆ ಇದೇ ಮುಖ್ಯ, ಸ್ಟ್ಯಾಂಪ್‌ಗಳು ಸೇರಿ ಒಂದು ಕಥೆ ಹೇಳ್ಬೇಕು.

ಒಂದು ಎಚ್ಚರಿಕೆ, ಥೀಮ್ ಪ್ಯಾಕೆಟ್ ಅಂತ ಸಿಗೋದ್ರಲ್ಲಿ ಸಿಟಿಒ ಜಾಸ್ತಿ ಇರುತ್ತೆ. ಅಂದ್ರೆ ಕಾಗದದ ಮೇಲೆ ಹೋಗ್ದೆ ಕಲೆಕ್ಟರ್‌ಗಳಿಗೆ ಮಾರೋಕೆ ಅಂತಾನೇ ಸೀಲ್ ಒತ್ತಿ ಬಿಟ್ಟಿರೋದು. ಗುರುತಿಸೋದು ಸುಲಭ, ಸೀಲ್ ಒಂದೇ ಮೂಲೇಲಿ ತುಂಬಾ ನೀಟಾಗಿ ಕೂತಿರುತ್ತೆ, ತಿರುಗಿಸಿದ್ರೆ ಹಿಂದೆ ಗೋಂದು ಹಾಗೇ ಇರುತ್ತೆ. ಮಗು ನೋಡಿ ಆನಂದಿಸೋಕೆ ಅಡ್ಡಿಯಿಲ್ಲ, ಹೆಚ್ಚು ದುಡ್ಡು ಕೊಡ್ಬೇಡಿ ಅಷ್ಟೇ.

ಹಳೇಮೊಹರು

ಹಕ್ಕಿಪುಕ್ಕ ಹೇಳಿದ್ದು ಒಪ್ಪಬೇಕಾದ ಮಾತು. ಎರಡೂ ಜೊತೇಲೇ ಮಾಡಿ, ತಾಯಿ ಮೇಚಿನ್ ನೋಡ್ಲಿ, ಮಗಳು ಹಡಗು ಹುಡುಕ್ಲಿ, ದೊಡ್ಡಪ್ಪನ ಡಬ್ಬಿಗೆ ಹಡಗು ಸರಿಯಾದ ವಿಷಯನೂ ಹೌದು. ದೊಡ್ಡಪ್ಪ ಇರುವಾಗ್ಲೇ ಅವರ ಪಕ್ಕ ಕೂತು ಪ್ರತಿ ಕವರ್ ಯಾರು ಬರೆದದ್ದು, ಆಗ ಅವರು ಯಾವ ಬಂದರಲ್ಲಿದ್ರು ಅಂತ ಕೇಳಿ ಬೇರೆ ಚೀಟೀಲಿ ಬರೆದಿಡಿ, ಕವರ್ ಮೇಲೆ ಪೆನ್ನಿಂದ ಬರೀಬೇಡಿ. ಇದನ್ನ ಯಾವ ಕ್ಯಾಟಲಾಗೂ ಹೇಳಲ್ಲ.

ಮಳೆಬಿಲ್ಲು

ದೊಡ್ಡಪ್ಪಂಗೆ ಫೋನ್ ಮಾಡಿದ್ದಾಯ್ತು, ಭಾನುವಾರ ಬರ್ತಾರಂತೆ. ರಾಶೀಲಿ ಡಿ ಇರೋ ಮೇಚಿನ್ ಸಿಕ್ತು, ನಾಲ್ಕು ಡಿ, ಬಣ್ಣ ಕಡು ಕಂದು! ಪಟ್ಟಿನೂ ಕಾಣಿಸ್ತು, ಎರಡಿವೆ. ಒಂದೇ ಅನುಮಾನ ಉಳಿದಿದೆ, ಹೊಸ ಕಾಲದ ಕೆಲವು ತುಂಡುಗಳು ಒಂದು ಗಂಟೆ ನೆನೆಸಿದ್ರೂ ಬಿಡ್ತಿಲ್ಲ, ಕಾಗದನೇ ಪುಡಿಯಾಗ್ತಿದೆ, ಸ್ಟ್ಯಾಂಪ್ ಹಾಗೇ ಇದೆ.

ಮೂಲೆಮನೆ

ಅವು ಸೆಲ್ಫ್ ಅಡೆಸಿವ್, ಸ್ಟಿಕ್ಕರ್ ಥರದ್ದು. ಅದರಲ್ಲಿ ಎಷ್ಟೋ ನೀರಿಗೆ ಬಿಡೋದೇ ಇಲ್ಲ. ನೀರಿಂದ ತೆಗೆದು ಒಣಗಿಸಿ, ಉಳಿದವನ್ನ ನೆನೆಸೋಕೆ ಹೋಗದೆ ಸುತ್ತ ಸಮನಾಗಿ ಸ್ವಲ್ಪ ಕಾಗದ ಬಿಟ್ಟು ನೀಟಾಗಿ ಕತ್ತರಿಸಿ ಹಾಗೇ ಸ್ಟಾಕ್ ಬುಕ್‌ಗೆ ಹಾಕಿ. ಈಗ ಬಹಳ ಜನ ಕಲೆಕ್ಟರ್‌ಗಳು ಅವನ್ನ ಕಾಗದದ ಸಮೇತವೇ ಇಡೋದು.